ಕೀ ತೆಗೆದ ಮೇಲೂ ಹರಿಯುತ್ತಿದ್ದ ಕರೆಂಟ್: ಹಳೇ ಪಿಕಪ್ಪಿನ ಬ್ಯಾಟರಿ ಸೋರಿಕೆ ಹುಡುಕಿದ ಬಗೆ

ದಿನಾ ಓಡಿಸುತ್ತಿದ್ದರೆ ಸೆಲ್ಫ್ ಸರಿಯಾಗಿಯೇ ಹೊಡೆಯುತ್ತದೆ. ಮಳೆ ಹಿಡಿದು ನಾಲ್ಕೈದು ದಿನ ಶೆಡ್ಡಿನಲ್ಲೇ ನಿಂತಿತೋ, ಕೀ ತಿರುಗಿಸಿದರೆ ಕಟಕಟ ಸದ್ದು ಬಿಟ್ಟರೆ ಬೇರೇನಿಲ್ಲ. ನನ್ನ ಹಳೇ ಡೀಸೆಲ್ ಪಿಕಪ್ಪಿಗೆ ಅಂಟಿಕೊಂಡಿದ್ದು ಈ ಕಾಯಿಲೆ. ಸಾಗರದ ಕಡೆ ತೋಟದ ಕೆಲಸಕ್ಕೆ ಇಟ್ಟುಕೊಂಡ ಗಾಡಿ ಅದು. ಗೊಬ್ಬರ, ಸೊಪ್ಪು, ಅಡಿಕೆ ಮೂಟೆ ಎಲ್ಲ ಅದರಲ್ಲೇ. ಓಡಾಟವೂ ಹತ್ತು ಹನ್ನೆರಡು ಕಿಲೋಮೀಟರಿನ ಒಳಗೇ.

ನಮ್ಮ ಕಡೆ ಇಂಥ ಗಾಡಿಗೆ ಒಂದು ಸುಲಭದ ಉಪಾಯವಿದೆ: ದಿಬ್ಬದ ಮೇಲೆ ನಿಲ್ಲಿಸುವುದು, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡುವುದು. ಅದರಿಂದ ಆ ದಿನದ ಕೆಲಸ ಆಗುತ್ತದೆ, ಆದರೆ ಒಳಗಿನ ಕಾಯಿಲೆ ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿ ಪದೇಪದೇ ತಳ ಕಂಡರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಳೇ ಶಕ್ತಿ ಬರುವುದಿಲ್ಲ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. ಪಕ್ಕದ ತೋಟದವರಂತೂ "ಬ್ಯಾಟ್ರಿ ಹೋಗಿದೆ ಮಾರಾಯ್ರೆ, ಸುಮ್ನೆ ತಲೆ ಕೆಡಿಸ್ಕೋಬೇಡಿ, ಹೊಸದು ಹಾಕ್ಸಿಬಿಡಿ" ಎಂದರು. ಹೊಸ ಬ್ಯಾಟರಿ ಹಾಕಿದರೆ ಗಾಡಿ ಸರಿಹೋದಂತೆ ಕಾಣುತ್ತದೆ ನಿಜ. ಗಟ್ಟಿ ಬ್ಯಾಟರಿ ಸೋರಿಕೆಯನ್ನು ಸ್ವಲ್ಪ ಕಾಲ ತಾಳಿಕೊಳ್ಳುತ್ತದೆ. ಆರೇಳು ತಿಂಗಳಾದ ಮೇಲೆ ಮತ್ತದೇ ಕಟಕಟ, ಮತ್ತೆ ಆರೇಳು ಸಾವಿರ ಖರ್ಚು. ನನ್ನ ಬ್ಯಾಟರಿಗೆ ಆಗಿದ್ದು ಒಂದು ವರ್ಷ ಚಿಲ್ಲರೆ. ಅದನ್ನು ಬದಲಿಸುವ ಮೊದಲು ಅದರದ್ದೇ ತಪ್ಪೋ ಅಲ್ಲವೋ ಎನ್ನುವುದು ತೀರ್ಮಾನವಾಗಬೇಕಿತ್ತು.

ಅದಕ್ಕೆ ದೊಡ್ಡ ಸಲಕರಣೆ ಬೇಡ. ಬ್ಯಾಟರಿಯನ್ನು ಹೊರಗೆ ತೆಗೆದು ಚಾರ್ಜರ್‌ನಲ್ಲಿ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಆಮೇಲೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದರೆ ಆರೂ ಸೆಲ್ಲುಗಳಲ್ಲಿ 1.260ರ ಆಸುಪಾಸು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಬ್ಯಾಟರಿಯೇ ಕೆಟ್ಟಿದೆ ಎಂದು ಲೆಕ್ಕ, ಇಲ್ಲಿ ಹಾಗಿರಲಿಲ್ಲ. ನಂತರ ವೈರ್ ಯಾವುದೂ ಕೊಡದೆ ನಾಲ್ಕು ದಿನ ಜಗಲಿಯ ಮೇಲೆ ಇಟ್ಟೆ. 12.6 ವೋಲ್ಟ್ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು. ಜಗಲಿಯ ಮೇಲೆ ಉಳಿಯುವ ಚಾರ್ಜ್ ಗಾಡಿಯಲ್ಲಿ ಉಳಿಯುವುದಿಲ್ಲ ಎಂದಮೇಲೆ ಕಳ್ಳ ಗಾಡಿಯಲ್ಲಿದ್ದಾನೆ.

ಬ್ಯಾಟರಿ ಹೊರಗಿದ್ದಾಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮುಚ್ಚಳದ ಮೇಲೆ ಧೂಳು, ಎಣ್ಣೆ, ಆಸಿಡ್ ಆವಿ ಸೇರಿ ಒಂದು ಜಿಡ್ಡು ಪದರ ಇತ್ತು. ಮಲ್ಟಿಮೀಟರಿನ ಕಪ್ಪು ವೈರನ್ನು ನೆಗೆಟಿವ್ ಟರ್ಮಿನಲ್ ಮೇಲಿಟ್ಟು ಕೆಂಪನ್ನು ಬರೀ ಪ್ಲಾಸ್ಟಿಕ್ ಮೇಲೆ ಊರಿದರೆ ಮೂರು ವೋಲ್ಟ್ ಹತ್ತಿರ ತೋರಿಸಿತು! ಆ ಜಿಡ್ಡಿನ ಮೂಲಕವೇ ಸಣ್ಣಗೆ ಕರೆಂಟ್ ಹರಿಯುತ್ತದೆ ಎಂದರ್ಥ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ ಮತ್ತೆ ನೋಡಿದೆ, ಸೊನ್ನೆ. ಸೋಡಾ ನೀರು ಸೆಲ್ಲಿನ ಒಳಗೆ ಮಾತ್ರ ಬೀಳಬಾರದು. ಮಲೆನಾಡಿನ ತೇವಕ್ಕೆ ಈ ಪದರ ಬೇಗ ಕಟ್ಟುತ್ತದೆ, ಆದರೆ ನಾಲ್ಕು ದಿನದಲ್ಲಿ ಗಾಡಿ ಮಲಗಿಸುವಷ್ಟು ಕರೆಂಟ್ ಇದರಲ್ಲಿ ಹೋಗುವುದಿಲ್ಲ.

ಮುಂದಿನ ಕೆಲಸ ಅಳೆಯುವುದು. ಕೀ ತೆಗೆದು, ಎಲ್ಲ ಸ್ವಿಚ್ ಆರಿಸಿ, ಬಾಗಿಲಿನ ಸ್ವಿಚ್ಚನ್ನು ಟೇಪ್ ಹಾಕಿ ಒತ್ತಿಟ್ಟೆ, ಇಲ್ಲದಿದ್ದರೆ ಕ್ಯಾಬಿನ್ ಲೈಟೇ ಲೆಕ್ಕಕ್ಕೆ ಬರುತ್ತದೆ. ಮೀಟರ್ ಕೂಡಿಸುವುದು ನೆಗೆಟಿವ್ ಕಡೆ. ಆ ಕಡೆ ಕೆಲಸ ಮಾಡುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ನೆಗೆಟಿವ್ ಕೇಬಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮೊದಲು ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಾಕಿದೆ. ಬಲ್ಬ್ ಪ್ರಕಾಶವಾಗಿ ಉರಿದರೆ ಎಲ್ಲೋ ದೊಡ್ಡದಾಗಿಯೇ ಶಾರ್ಟ್ ಇದೆ, ಮೀಟರ್ ಕೊಡಬಾರದು, ಕೊಟ್ಟರೆ ಅದರೊಳಗಿನ ಫ್ಯೂಸ್ ಹೋಗುತ್ತದೆ. ನನ್ನದು ಉರಿಯಲಿಲ್ಲ. ಬಲ್ಬ್ ತೆಗೆದು, ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಬದಲಿಸಿ ಕೂಡಿಸಿದೆ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಲೇಬಾರದು. ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟರ್ ಇನ್ನೂರು ಆಂಪಿಗೂ ಮೇಲೆ ಎಳೆಯುತ್ತದೆ.

ಮೀಟರ್ 0.19 ಆಂಪ್ ತೋರಿಸಿತು.

ಕಂಪ್ಯೂಟರ್ ಇಲ್ಲದ ಹಳೇ ಗಾಡಿಯಲ್ಲಿ ಸ್ಟೀರಿಯೋದ ಮೆಮೊರಿ, ಗಡಿಯಾರ ಸೇರಿ 0.02, ಹೆಚ್ಚೆಂದರೆ 0.03 ಬರಬೇಕು. ಸಾಮಾನ್ಯವಾಗಿ 0.05ರವರೆಗೆ ಒಪ್ಪುತ್ತಾರೆ. 0.19 ಕೇಳುವುದಕ್ಕೆ ಚಿಕ್ಕದು. ಆದರೆ ಅಷ್ಟು 24 ಗಂಟೆ ಹರಿದರೆ ನಾಲ್ಕೂವರೆ ಆಂಪಿಯರ್ ಅವರ್ ಖಾಲಿ, ಐದು ದಿನಕ್ಕೆ ಇಪ್ಪತ್ತಮೂರು. ನನ್ನ 75 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅದು ಮೂರನೇ ಒಂದು ಪಾಲಿಗೆ ಹತ್ತಿರ. ಗಿಡ್ಡ ಓಡಾಟದಿಂದ ಬ್ಯಾಟರಿ ಎಂದೂ ಪೂರ್ತಿ ತುಂಬಿರುವುದಿಲ್ಲ, ಮೇಲೆ ಮಳೆಗಾಲದ ತಣ್ಣನೆ ಎಂಜಿನ್. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು.

ಮೀಟರ್ ನೋಡುತ್ತಾ ಒಂದೊಂದೇ ಫ್ಯೂಸ್ ಕಿತ್ತೆ. ಸ್ಟೀರಿಯೋ ಫ್ಯೂಸ್ ತೆಗೆದಾಗ 0.02 ಇಳಿಯಿತು, ಅದು ನ್ಯಾಯವಾದ ಖರ್ಚು. ಉಳಿದ ಯಾವುದಕ್ಕೂ ಅಂಕೆ ಅಲುಗಲಿಲ್ಲ. ಹಳೇ ಗಾಡಿಯಲ್ಲಿ ಫ್ಯೂಸ್ ಬಾಕ್ಸಿಗೆ ಸಂಬಂಧವೇ ಇಲ್ಲದ ವೈರುಗಳೂ ಇರುತ್ತವೆ: ಯಾರೋ ಹಾಕಿದ ಫಾಗ್ ಲೈಟ್, ರಿವರ್ಸ್ ಹಾರನ್, ಮೊಬೈಲ್ ಚಾರ್ಜರ್, ಎಲ್ಲ ನೇರ ಬ್ಯಾಟರಿಗೆ ಸುತ್ತಿದ್ದು. ಅವನ್ನೂ ಬಿಡಿಸಿದೆ. 0.17 ನಿಂತಲ್ಲೇ ನಿಂತಿತ್ತು.

ದಾರಿ ತೋರಿಸಿದ್ದು ಒಂದು ಸಂಜೆಯ ಅಳತೆ. ಪೇಟೆಯಿಂದ ಲೋಡ್ ತಂದು ಎಂಜಿನ್ ಆರಿಸಿದ ಕೂಡಲೇ ಮೀಟರ್ ಕೂಡಿಸಿದೆ, 0.46! ಒಂದು ಗಂಟೆ ಬಿಟ್ಟು ನೋಡಿದರೆ 0.30ರ ಹತ್ತಿರಕ್ಕೆ ಇಳಿದಿತ್ತು, ಬೆಳಗಾಗುವಷ್ಟರಲ್ಲಿ ಮತ್ತೆ 0.19. ಗ್ಯಾರೇಜಿನಲ್ಲಿ ಇಂಥ ಕಾಯಿಲೆ ತಪ್ಪಿಸಿಕೊಳ್ಳುವುದೇ ಇಲ್ಲಿ. ಗಾಡಿ ಬಿಟ್ಟು ಬರುತ್ತೇವೆ, ಅವರು ಸರದಿ ಬಂದಾಗ ತಣ್ಣಗಾದ ಗಾಡಿಯ ಬಾನೆಟ್ ತೆರೆದು ನೋಡುತ್ತಾರೆ. ಸೋರಿಕೆ ಇನ್ನೂ ಶುರುವಿನ ಹಂತದಲ್ಲಿದ್ದರೆ ತಣ್ಣಗಿನ ಅಂಕೆ ಸರಿಯಾಗಿಯೇ ಕಾಣುತ್ತದೆ, ತಪ್ಪು ಬ್ಯಾಟರಿಯ ತಲೆಗೆ ಬರುತ್ತದೆ. ಬಿಸಿಯಲ್ಲೊಮ್ಮೆ, ತಣ್ಣಗಾದ ಮೇಲೊಮ್ಮೆ ಅಳೆಯದೆ ಬ್ಯಾಟರಿ ಬದಲಿಸಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಬಿಸಿಗೆ ಏರುವ, ಫ್ಯೂಸಿಗೆ ಸಿಗದ ಸೋರಿಕೆ ಎಂದರೆ ಮೊದಲ ಅನುಮಾನ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ. ನಮ್ಮ ಕಡೆ ಇದನ್ನು ಈಗಲೂ ಡೈನಮೋ ಎಂದೇ ಕರೆಯುವುದು. ಅದರಿಂದ ಬ್ಯಾಟರಿಗೆ ಬರುವ ದಪ್ಪ ವೈರಿನಲ್ಲಿ ನನ್ನ ಗಾಡಿಗೆ ಫ್ಯೂಸ್ ಇಲ್ಲ. ಎಂಜಿನ್ ಆರಿದ ಮೇಲೂ ಅಲ್ಲಿ 12 ವೋಲ್ಟ್ ಸದಾ ನಿಂತಿರುತ್ತದೆ, ಅದು ಹಿಂದಕ್ಕೆ ಹರಿಯದಂತೆ ತಡೆಯುವುದು ಒಳಗಿನ ಡಯೋಡುಗಳು, ಬಾವಿಯ ಫುಟ್‌ವಾಲ್ವ್ ನೀರನ್ನು ಹಿಡಿದಿಡುವ ಹಾಗೆ. ಪಾಸಿಟಿವ್ ಕಡೆಯ ಒಂದು ಡಯೋಡ್ ಸೋರಿದರೂ ಕರೆಂಟ್ ಸ್ಟೇಟರ್ ಎಂಬ ತಿರುಗದ ತಂತಿ ಸುರುಳಿಯೊಳಗೆ ನುಗ್ಗಿ, ಅಲ್ಲಿಂದ ಸಣ್ಣ ಡಯೋಡುಗಳ ಮೂಲಕ ಕಟೌಟ್ (ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್), ತಿರುಗುವ ರೋಟರ್ ಕಾಯಿಲ್ ದಾಟಿ ಬಾಡಿ ಸೇರುತ್ತದೆ. ಡಯೋಡಿನ ಸೋರಿಕೆ ಬಿಸಿ ಏರಿದಷ್ಟೂ ಹೆಚ್ಚು. ಡಯೋಡ್ ಪೂರ್ತಿ ಶಾರ್ಟ್ ಆಗಿದ್ದರೆ ಕೀ ತೆಗೆದ ಮೇಲೂ ಮೀಟರ್ ಬೋರ್ಡಿನ ಚಾರ್ಜ್ ಲೈಟ್ ಮಂಕಾಗಿ ಉರಿಯುವುದುಂಟು. ನನ್ನ ಗಾಡಿ ಆ ಹಂತಕ್ಕೆ ಹೋಗಿರಲಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಆಮೇಲೆ ಡೈನಮೋ ಹಿಂದಿನ ದಪ್ಪ ವೈರಿನ ನಟ್ ಬಿಚ್ಚಿ, ತುದಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಸುತ್ತಿದೆ. ಆ ತುದಿ ಎಂಜಿನ್ನಿಗೆ ತಗುಲಿದರೆ ನೇರ ಶಾರ್ಟ್. ಫ್ಯೂಸುಗಳನ್ನೆಲ್ಲ ವಾಪಸ್ ಹಾಕಿ ಮೀಟರ್ ಕೂಡಿಸಿದಾಗ 0.02. ಆ ಅಂಕೆ ನೋಡಿದ ಖುಷಿ ದೊಡ್ಡದು.

ವೈರ್ ಮತ್ತೆ ಕೂಡಿಸಿ, ಇನ್ನೊಂದು ಕಡೆಯಿಂದಲೂ ಖಾತ್ರಿ ಮಾಡಿಕೊಂಡೆ. ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿ, ಮೀಟರನ್ನು ಏಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟೆ. ಡಯೋಡುಗಳು ಸರಿಯಿದ್ದರೆ ಬಹಳ ಚಿಕ್ಕ ಅಂಕೆ ಬರುತ್ತದೆ, ಅರ್ಧ ವೋಲ್ಟ್ ದಾಟಿದರೆ ತೊಂದರೆ ಇದೆ ಎಂದೇ. ನನ್ನದು ದಾಟಿತ್ತು. ಡಿಸಿಯಲ್ಲಿ ಚಾರ್ಜಿಂಗ್ 13.8 ವೋಲ್ಟ್ ಇತ್ತು, ಅದೊಂದನ್ನೇ ನೋಡಿದವರು 'ಡೈನಮೋ ಚೆನ್ನಾಗಿದೆ' ಎಂದುಬಿಡುತ್ತಾರೆ.

ಡೈನಮೋ ಬಿಚ್ಚಿ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಒಯ್ದೆ. ಅಳತೆಯ ಅಂಕೆಗಳನ್ನು ಹೇಳಿದಾಗ ಅವರು ಮರುಮಾತಿಲ್ಲದೆ ಹಿಂದಿನ ಮುಚ್ಚಳ ತೆಗೆದು, ಸ್ಟೇಟರಿನ ಮೂರು ವೈರಿನ ಬೆಸುಗೆ ಬಿಡಿಸಿ, ಡಯೋಡ್ ಪ್ಲೇಟನ್ನು ಬೆಂಚಿನ ಮೇಲಿಟ್ಟರು. ಒಳ್ಳೆಯ ಡಯೋಡ್ ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನಷ್ಟು ತೋರಿಸಿ, ಮೀಟರ್ ವೈರ್ ಅದಲುಬದಲು ಮಾಡಿದರೆ ಏನೂ ತೋರಿಸುವುದಿಲ್ಲ. ಪಾಸಿಟಿವ್ ಸಾಲಿನಲ್ಲಿ ಒಂದು ಎರಡೂ ಕಡೆ ತೋರಿಸಿತು. "ಕಟೌಟು, ಬ್ರಷ್ಷು ಎಲ್ಲಾ ಸರಿ ಇದೆ ಸರ್, ಪ್ಲೇಟ್ ಒಂದು ಹಾಕಿದ್ರೆ ಸಾಕು. ಬಿಚ್ಚಿದ್ದೀವಲ್ಲ, ಬೇರಿಂಗೂ ಹಾಕಿಬಿಡೋಣ" ಎಂದರು. ಹೊಸ ಬ್ಯಾಟರಿಯ ಅರ್ಧ ದುಡ್ಡೂ ಆಗಲಿಲ್ಲ.

ಡಯೋಡ್ ಏಕೆ ಹೋಯಿತು ಎಂದು ಕೇಳಿದೆ. ವಯಸ್ಸೂ ಇರಬಹುದು, ಆದರೆ ತಮ್ಮ ಹತ್ತಿರ ಬರುವ ಎಷ್ಟೋ ಡೈನಮೋಗಳನ್ನು ಕೊಲ್ಲುವುದು ಒಂದು ಕೆಟ್ಟ ರೂಢಿ ಎಂದರು: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ಆಫ್ ಆಗದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವುದು. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ, ಅದರ ಪೆಟ್ಟು ಬೀಳುವುದು ಡಯೋಡ್, ಕಟೌಟುಗಳ ಮೇಲೆ. ಅದೂ ಅಲ್ಲದೆ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಬೇಡ, ಎಷ್ಟೋ ಹಳೇ ಗಾಡಿಗಳು ಡೈನಮೋ ಪೂರ್ತಿ ಸತ್ತಿದ್ದರೂ ಓಡುತ್ತಲೇ ಇರುತ್ತವೆ. ಆ ಪರೀಕ್ಷೆಯಿಂದ ತಿಳಿಯುವುದೇನೂ ಇಲ್ಲ. ದಯವಿಟ್ಟು ಯಾರಿಗೂ ನಿಮ್ಮ ಗಾಡಿಯಲ್ಲಿ ಅದನ್ನು ಮಾಡಲು ಬಿಡಬೇಡಿ. ಇನ್ನೂರು ಮುನ್ನೂರು ರೂಪಾಯಿಯ ಮೀಟರ್ ಸಾಕು.

ಪ್ಲೇಟ್ ಹಾಕಿಸಿದ ಮೇಲೆ ಬಿಸಿಯಲ್ಲಿ ಅಳೆದೆ, ಬೆಳಿಗ್ಗೆ ತಣ್ಣಗಿದ್ದಾಗ ಅಳೆದೆ, ಎರಡು ಸಲವೂ 0.02. ಫಾಗ್ ಲೈಟು, ರಿವರ್ಸ್ ಹಾರನ್ನುಗಳ ವೈರುಗಳಿಗೆ ಈಗ ಬೇರೆ ಬೇರೆ ಫ್ಯೂಸ್ ಹಾಕಿದ್ದೇನೆ. ಕಳಪೆಯಾಗಿ ಸುತ್ತಿದ ಅಂಥ ಜೋಡಣೆ ಮುಂದೊಂದು ದಿನ ಬೆಂಕಿಗೂ ಕಾರಣವಾದೀತು. ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿ ಎಂದು ಕೆಲವರು ಹೇಳಿದ್ದರು. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಒಳ್ಳೆಯದೇ. ಆದರೆ ಸೋರುವ ಡಯೋಡನ್ನು ಒಳಗೇ ಬಿಟ್ಟುಕೊಂಡು ಹಾಕಿಸಿದ್ದರೆ ಅದು ಪೂರ್ತಿ ಶಾರ್ಟ್ ಆಗುವವರೆಗೂ ನನಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ಹಾಕಿಸಲಿಲ್ಲ. ಅದೇ ಬ್ಯಾಟರಿಯಲ್ಲಿ ಗಾಡಿ ಈಗ ವಾರಕ್ಕೂ ಮೇಲೆ ನಿಂತು ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗುತ್ತಿದೆ.