ಗಾಯ ಕಾಯುವ ಕೆಲಸ ರೋಗಿಗೇ ಕೊಟ್ಟೆವು: ನನ್ನ ಅನುಭವ

ಕರುಳಿನ ಕ್ಯಾನ್ಸರ್ ಆಪರೇಷನ್ ಆದಮೇಲೆ ಗಾಯ ಕೀವಾಗದಂತೆ ನೋಡಿಕೊಳ್ಳುವುದರಲ್ಲಿ ರೋಗಿಗೂ ಒಂದು ಪಾಲು ಕೊಡೋಣ ಎಂದಾಗ ನಮ್ಮ ವಾರ್ಡಿನಲ್ಲಿ ನಕ್ಕವರೇ ಜಾಸ್ತಿ. "ಅದು ಓಟಿಯ (ಆಪರೇಷನ್ ಥಿಯೇಟರಿನ) ಕೆಲಸ ಸಿಸ್ಟರ್, ಪ್ರಜ್ಞೆ ಇಲ್ಲದೆ ಮಲಗಿದವರು ಏನು ಮಾಡ್ತಾರೆ?" ಎಂದರು ಹಿರಿಯ ಸರ್ಜನ್ ಒಬ್ಬರು. ಈಗ ಹೊಸ ರೋಗಿ ದಾಖಲಾದರೆ "ಹಾಳೆ ಕೊಟ್ರಾ?" ಎಂದು ಮೊದಲು ಕೇಳುವವರು ಅವರೇ.

ಆಂಟಿಬಯೋಟಿಕ್ ಯಾವಾಗ ಕೊಡಬೇಕು, ಮೈ ತಣ್ಣಗಾಗದಂತೆ ಹೇಗೆ ನೋಡಿಕೊಳ್ಳಬೇಕು, ಹೊಟ್ಟೆ ಮುಚ್ಚುವ ಮುಂಚೆ ಗ್ಲೌಸು, ಟ್ರೇ ಬದಲಿಸುವುದು, ಇದೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ಕೈಕೊಟ್ಟಿದ್ದು ಡೈರಿ, ಮನೆಗೆ ಹೋದ ರೋಗಿ ದಿನಾ ಜ್ವರ ಬರೆದಿಡಲಿ ಅಂತ ಕೊಟ್ಟದ್ದು. ಎಂಟು ಪುಟ, ಬಣ್ಣದ ಚಿತ್ರಗಳು, ಒಳ್ಳೆ ಕಾಗದ. ನಮಗೆ ಸಿಕ್ಕಿದ್ದ ಚೂರುಪಾರು ದುಡ್ಡಿನಲ್ಲಿ ಮುಕ್ಕಾಲು ಪಾಲು ಅದನ್ನು ಅಚ್ಚು ಹಾಕಿಸುವುದಕ್ಕೇ ಹೋಯಿತು. ವಾಪಸ್ ಬಂದ ಡೈರಿ ತೆರೆದರೆ ಅಷ್ಟೂ ದಿನದ ಜ್ವರ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ: 98.4, 98.4, 98.4. ಓಪಿಡಿ ಬೆಂಚಿನ ಮೇಲೆ ಕೂತು ತುಂಬಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ? ಅದರ ಜೊತೆ ಕೊಟ್ಟ ಥರ್ಮಾಮೀಟರ್‌ಗಳಲ್ಲಿ ಅರ್ಧದಷ್ಟು ಹಿಂದಿರುಗಲೇ ಇಲ್ಲ.

"ಕೈ ತೊಳೆದಿರಾ ಎಂದು ಡಾಕ್ಟರನ್ನು ಕೇಳಿ" ಎಂಬ ಪೋಸ್ಟರೂ ದಂಡ. ನಾಳೆ ತನ್ನ ಹೊಟ್ಟೆ ಕೊಯ್ಯುವವರನ್ನು ಯಾರು ತಾನೇ ಹಾಗೆ ಕೇಳುತ್ತಾರೆ? ಪೋಸ್ಟರ್ ಕಿತ್ತು, ರೋಗಿಯ ಕೈಗೆ ಎಟುಕುವಂತೆ ಮಂಚದ ಕಂಬಿಗೆ ಸ್ಯಾನಿಟೈಸರ್ ಬಾಟಲಿ ಸಿಕ್ಕಿಸಿದೆವು. ಯಾರಾದರೂ ಡ್ರೆಸ್ಸಿಂಗ್ ಹತ್ತಿರ ಬಂದರೆ ಏನೂ ಮಾತಾಡದೆ ಬಾಟಲಿ ಮುಂದೆ ಹಿಡಿಯುವುದು, ಅಷ್ಟೇ. ಬಾಯಿ ಬಿಡಲು ಹೆದರಿದವರೇ ಬಾಟಲಿಯನ್ನು ಧೈರ್ಯವಾಗಿ ಚಾಚಿದರು. ರೌಂಡ್ಸಿಗೆ ಬಂದವರೆಲ್ಲ ಸುಮ್ನೆ ಅಂಗೈ ಒಡ್ಡಿದರು.

ಕೊನೆಗೆ ಉಳಿದದ್ದು ಒಂದೇ ಹಾಳೆ. ಒಂದು ಬದಿ ಆಪರೇಷನ್‌ಗೆ ಮುಂಚಿನದು, ಇನ್ನೊಂದು ಬದಿ ಮನೆಗೆ ಹೋದಮೇಲಿನದು.

ಮುಂಚಿನದರಲ್ಲಿ ದೊಡ್ಡ ಅಕ್ಷರದಲ್ಲಿರುವುದು: ಹೊಟ್ಟೆಯ ಕೂದಲು ಬೋಳಿಸಬೇಡಿ. ಎಷ್ಟೋ ಜನ ನಮಗೆ ಅನುಕೂಲವಾಗಲಿ ಅಂತ ಹಿಂದಿನ ರಾತ್ರಿ ತಾವೇ ರೇಜರ್ ಹಿಡಿಯುತ್ತಿದ್ದರು. ಕಣ್ಣಿಗೆ ಕಾಣದ ಆ ಗೀರುಗಳೇ ಸೋಂಕಿಗೆ ದಾರಿ. ಸಿಗರೇಟು ಕಡಿಮೆ ಅಂದರೂ 4 ವಾರ ಮುಂಚೆ ಬಿಡಬೇಕು. ಆದರೆ ಕ್ಯಾನ್ಸರ್ ಆಪರೇಷನ್ ಅಷ್ಟು ದಿನ ಕಾಯುವುದಿಲ್ಲ, ಹಾಗಾಗಿ ಹೆಸರು ಬರೆಸಿದ ದಿನವೇ ಹೇಳುತ್ತೇವೆ.

ಮಾತ್ರೆಯ ಕಥೆ ಬೇರೆ. ಆಪರೇಷನ್ ಮುಂಚೆ ಕರುಳು ಖಾಲಿ ಮಾಡಲು ಬರೀ ಬೇಧಿ ಔಷಧಿ ಸಾಲದು, ಜೊತೆಗೆ ಬಾಯಿಂದ ಆಂಟಿಬಯೋಟಿಕ್ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ನಾವೂ ಬರೆದುಕೊಡುತ್ತಿದ್ದೆವು. ಆದರೆ ಬೇಧಿಯಾಗಿ ಸುಸ್ತಾದವರು ವಾಕರಿಕೆ ಬಂದರೆ ಮಾತ್ರೆ ಬಿಡುತ್ತಿದ್ದರು, ಕೇಳಿದರೆ "ತಗೊಂಡೆ" ಎನ್ನುತ್ತಿದ್ದರು. ಈಗ ಖಾಲಿ ಸ್ಟ್ರಿಪ್ಪನ್ನು ಒಂದು ಕವರಿನಲ್ಲಿ ಹಾಕಿ ತರಬೇಕು. ವಾಂತಿಯಾಗಿದ್ದರೆ ಹಾಳೆಯಲ್ಲಿ ಒಂದು ಗುರುತು, ಬೈಗುಳ ಇಲ್ಲ. ಬೈಗುಳ ನಿಂತ ಮೇಲೆ ನಿಜ ಹೊರಬಂತು.

ಮಧ್ಯದಲ್ಲಿ ಸೋಪಿನ ಪ್ರಯೋಗವೂ ನಡೆಯಿತು. ಆಪರೇಷನ್ ಮುಂಚಿನ ಸ್ನಾನಕ್ಕೆ ಸ್ವಲ್ಪ ಕಾಲ ಕೆಲವರಿಗೆ ಕ್ರಿಮಿ ಕೊಲ್ಲುವ ದುಬಾರಿ ಕ್ಲೋರ್‌ಹೆಕ್ಸಿಡಿನ್, ಉಳಿದವರಿಗೆ ಮಾಮೂಲಿ ಸೋಪು. ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ಸ್ನಾನ ಮಾಡಿದರೆ ಸಾಕು. ಆ ದುಡ್ಡು ಉಳಿಯಿತು, ವಾರ್ಡಿಗೆ ಒಂದು ಮೊಬೈಲ್ ಬಂತು. ಮುಂದಿನದೆಲ್ಲ ಆ ಮೊಬೈಲಿನ ಮೇಲೆಯೇ ನಿಂತಿದೆ.

ಗಾಯ ಕೆಡುವುದು ಎಷ್ಟೋ ಸಲ ರೋಗಿ ಮನೆ ಸೇರಿದ ಮೇಲೆ. ಹಾಗಾಗಿ ಆ ಮೊಬೈಲಿಗೆ ಗಾಯದ್ದು ದಿನಕ್ಕೊಂದು ಫೋಟೋ, ಒಂದೇ ಹೊತ್ತಿಗೆ, ಕಿಟಕಿ ಬೆಳಕಿನಲ್ಲಿ. ಕೆಂಪಗಿದ್ದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಮಾರನೆಯ ದಿನ ಕೆಂಪು ಗೆರೆ ದಾಟಿದ್ದರೆ ನಮಗೆ ಫೋನ್. ಸ್ಟೋಮಾ (ಮಲ ಬ್ಯಾಗಿಗೆ ಹೋಗಲು ಹೊಟ್ಟೆಯ ಮೇಲೆ ಮಾಡಿದ ಬಾಯಿ) ಇದ್ದವರು ಶುಚಿ ಮಾಡುವಾಗ ಒಂದೇ ಸೂತ್ರ: ಮೊದಲು ಗಾಯ, ಆಮೇಲೆ ಬ್ಯಾಗ್. ಇದನ್ನೆಲ್ಲ ನಮ್ಮ ಎದುರು ಸ್ವತಃ ಮಾಡಿ ತೋರಿಸಿದ ಮೇಲೇ ಡಿಸ್ಚಾರ್ಜ್. ಇನ್ನು ಹೊಟ್ಟೆ ಉಬ್ಬರ, ಚಳಿ ನಡುಕ, 100.4 ದಾಟಿದ ಜ್ವರ ಇದ್ದರೆ ಫೋಟೋ ಗೀಟೋ ಬೇಡ, ನೇರ ಬರಬೇಕು. ಒಳಗೆ ಕರುಳಿನ ಹೊಲಿಗೆ ಸೋರುತ್ತಿದ್ದರೆ ಚರ್ಮ ನೋಡಿ ಏನೂ ತಿಳಿಯುವುದಿಲ್ಲ.

ಶುರುವಿನಲ್ಲಿ ನಮ್ಮ ಇನ್ಫೆಕ್ಷನ್ ಲೆಕ್ಕ ಇಳಿಯಲಿಲ್ಲ, ಏರಿತು! ನಕ್ಕವರಿಗೆ ಹಬ್ಬ. ಮೊದಲು ಡಿಸ್ಚಾರ್ಜ್‌ವರೆಗೆ ಮಾತ್ರ ಎಣಿಸುತ್ತಿದ್ದೆವು, ಈಗ ಆಪರೇಷನ್ ಆಗಿ 30 ದಿನದವರೆಗೂ ಎಣಿಸುತ್ತಿದ್ದೇವೆ ಎಂದರೆ ಕೇಳುವವರಿಲ್ಲ. ಪುಣ್ಯಕ್ಕೆ ಯಾರೂ ನಿಲ್ಲಿಸಲಿಲ್ಲ. ಹೀಗೆ ಎಣಿಸಲು ಶುರು ಮಾಡಿದಾಗ 100 ಜನರಲ್ಲಿ 15–20 ಮಂದಿಗೆ ಗಾಯ ಕೆಡುತ್ತಿತ್ತು, ಈಗ 8–10 ಇರಬಹುದು. ಓಟಿಯಲ್ಲೂ ಅದೇ ಹೊತ್ತಿಗೆ ಕೆಲವು ಬದಲಾವಣೆ ಆದವು, ಅವರ ಪಾಲು ಅವರಿಗೆ. ಆದರೆ ಪೂರ್ತಿ ಬಾಯಿಬಿಟ್ಟ ಗಾಯ ಹೊತ್ತು ಬರುವವರು ಕಡಿಮೆಯಾದದ್ದು ನಮ್ಮ ಮೊಬೈಲಿನಿಂದಲೇ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಬಾಯಿಬಿಟ್ಟ ಒಂದು ಗಾಯ ಎಂದರೆ ವಾರಗಟ್ಟಲೆ ಡ್ರೆಸ್ಸಿಂಗ್, ಓಡಾಟ, ಮತ್ತೆ ಬೆಡ್. ಆ ಖರ್ಚಿನಲ್ಲಿ ವರ್ಷಕ್ಕಾಗುವಷ್ಟು ಹಾಳೆ ಅಚ್ಚು ಹಾಕಿಸಬಹುದು. ಅದಕ್ಕಿಂತ ಹೆಚ್ಚಾಗಿ, ಗಾಯ ಮಾಯದೆ ಕೀಮೋ ಶುರುವಾಗುವುದಿಲ್ಲ. ರೋಗಿಗಳಿಗೆ ನಾಟುವುದು ಈ ಮಾತೇ. ಸ್ವಚ್ಛತೆಯ ಬಗ್ಗೆ ಭಾಷಣ ಬಿಗಿದರೆ ತಲೆ ಆಡಿಸುತ್ತಾರೆ, "ಕೀಮೋ ಮುಂದಕ್ಕೆ ಹೋಗುತ್ತದೆ" ಎಂದರೆ ಆ ರಾತ್ರಿಯೇ ಫೋಟೋ ಬರುತ್ತದೆ.

ಮನೆಗೆ ಹೋದ ಐದನೇ ದಿನದ ಸುಮಾರಿಗೆ ನಾವೇ ರೋಗಿಗೆ ಫೋನ್ ಮಾಡುತ್ತೇವೆ. ಆಗ ಕೇಳುವ ಎರಡನೇ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಿದ್ದರೆ ಉತ್ತರ ತಯಾರಾಗಿ ಬರುತ್ತದೆ. ವಾರ್ಡಿಗೆ ಬಂದರೆ ಹೇಳಿಕೊಡುತ್ತೇನೆ.

ಗುದದ್ವಾರ ತೆಗೆದವರ ಕೆಳಗಿನ ಗಾಯಕ್ಕೆ ಮಾತ್ರ ಈ ವಿದ್ಯೆ ನಡೆದಿಲ್ಲ. ರೇಡಿಯೇಷನ್ ಆಗಿದ್ದರೆ ಅದು ಮಾಯುವುದೇ ನಿಧಾನ, ಸ್ವಂತ ಕಣ್ಣಿಗೂ ಕಾಣುವುದಿಲ್ಲ. ಕನ್ನಡಿ ಕೊಟ್ಟು ನೋಡಿದೆವು, ಬಗ್ಗಲು ಆಗದೆ ಬಿಟ್ಟರು. ಫೋಟೋ ತೆಗೆಯಿರಿ ಎಂದು ಮನೆಯವರಿಗೆ ಹೇಳಿದರೆ ಇಬ್ಬರಿಗೂ ನಾಚಿಕೆ. ಸದ್ಯಕ್ಕೆ ಅವರನ್ನು ವಾರಕ್ಕೆ ಎರಡು ಸಲ ಕರೆಸಿ ನಾವೇ ನೋಡುತ್ತಿದ್ದೇವೆ.