ಒಂದು ಭೂತ ಬಂಗಲೆಯ ಜಾಡು ಹಿಡಿದು ಡಿಸ್ನಿ ಪಾರ್ಕ್‌ಗಳಲ್ಲಿ

ಡಿಸ್ನಿ ಪಾರ್ಕ್‌ಗಳನ್ನು ದೇಶ ದೇಶ ಸುತ್ತಿ ನೋಡುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವುದು ಚೆನ್ನಾಗಿದೆ? ಒಂದು ಹೆಸರು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಹೆಸರು ಒಂದೇ, ಮಿಕ್ಕಿ ಒಂದೇ, ನಡುವೆ ಕೋಟೆ, ರಾತ್ರಿ ಪಟಾಕಿ, ಎಲ್ಲವೂ ನಿಜ. ಆದರೆ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೋಕಿಯೊ, ಪ್ಯಾರಿಸ್, ಹಾಂಗ್‌ಕಾಂಗ್, ಶಾಂಘೈ, ಈ ಆರು ಕಡೆಯೂ ಆಯಾ ಜಾಗದ ಮಳೆ, ಮಣ್ಣು, ನಂಬಿಕೆ ಪಾರ್ಕಿನ ಒಳಗೆ ಬಂದು ಕೂತಿವೆ. ಅದನ್ನು ಹುಡುಕಿ ನೋಡುವುದು ನನಗೆ ರೈಡ್‌ಗಿಂತ ಜಾಸ್ತಿ ಇಷ್ಟ.

ಹುಡುಕುವುದಕ್ಕೆ ಒಂದು ದಾರಿ ಬೇಕು. ಇಡೀ ಪಾರ್ಕನ್ನು ಇನ್ನೊಂದು ಪಾರ್ಕಿನ ಪಕ್ಕ ಇಟ್ಟು ನೋಡೋಕೆ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಎರಡು ಪಾರ್ಕ್‌ಗಳ ಗೇಟುಗಳು ಎದುರುಬದುರು ಇವೆ, ಎರಡು ನಿಮಿಷ ನಡೆದರೆ ಸಾಕು. ಫ್ಲಾರಿಡಾದಲ್ಲಿ ಇರುವುದೇ ನಾಲ್ಕು ಪಾರ್ಕ್. ಕಾರು ನಿಲ್ಲಿಸಿದ ಜಾಗದಿಂದ ಅವುಗಳಲ್ಲಿ ಮೊದಲನೆಯದಾದ ಮ್ಯಾಜಿಕ್ ಕಿಂಗ್‌ಡಮ್ ಗೇಟಿಗೆ ಹೋಗಲು ಕೆರೆಯ ಆಚೆ ದಡ ಸೇರಬೇಕು, ದೋಣಿಯಲ್ಲೋ ಮೋನೋರೈಲಿನಲ್ಲೋ. ಇವೆರಡನ್ನು ಹೇಗೆ ತೂಗುತ್ತೀರಿ? ಅದಕ್ಕೇ ನಾನು ಒಂದೇ ಒಂದು ರೈಡ್ ಆರಿಸಿಕೊಂಡೆ. ಯಾವ ದೇಶಕ್ಕೆ ಹೋದರೂ ಬೆಳಗ್ಗೆ ಗೇಟ್ ತೆರೆದ ಕೂಡಲೇ ಮೊದಲು ಅದಕ್ಕೆ ಹೋಗುತ್ತೇನೆ, ಕತ್ತಲಾದ ಮೇಲೆ ಮತ್ತೊಮ್ಮೆ ಹೋಗುತ್ತೇನೆ. ಆ ಪಾರ್ಕಿನಲ್ಲಿ ಮಾತ್ರ ಇರುವ ಹೊಸ ರೈಡ್‌ಗಳನ್ನು ಆಮೇಲೆ ನೋಡುತ್ತೇನೆ. ಮೂರು ವಿಷಯ ಬರೆದಿಟ್ಟುಕೊಳ್ಳುತ್ತೇನೆ: ರೈಡ್ ಪಾರ್ಕಿನ ಯಾವ ಭಾಗದಲ್ಲಿದೆ, ಒಳಗೆ ಹೇಗೆ ಕರೆದುಕೊಂಡು ಹೋಗುತ್ತಾರೆ, ನನ್ನ ಜೊತೆ ಸಾಲಿನಲ್ಲಿ ನಿಂತವರು ಎಲ್ಲಿ ನಗುತ್ತಾರೆ.

ನಾನು ಆರಿಸಿಕೊಂಡದ್ದು ಭೂತ ಬಂಗಲೆ, ಅಂದರೆ ಹಾಂಟೆಡ್ ಮ್ಯಾನ್ಷನ್. ಸತ್ತವರ ಬಗ್ಗೆ ಜನ ಏನು ಅಂದುಕೊಂಡಿದ್ದಾರೆ ಎನ್ನುವುದು ಎಲ್ಲ ಕಡೆಯೂ ಒಂದೇ ಅಲ್ಲ ತಾನೇ? ಹಾಗಾಗಿ ಈ ಒಂದು ಮನೆ ಪಾರ್ಕಿನಿಂದ ಪಾರ್ಕಿಗೆ ಜಾಗ ಬದಲಿಸುತ್ತಲೇ ಹೋಗಿದೆ.

ಮೊದಲನೆಯದು ಅನಾಹೈಮ್‌ನಲ್ಲಿ 1969ರಲ್ಲಿ ತೆರೆಯಿತು. ಪಾರ್ಕ್ ಶುರುವಾದದ್ದು 1955ರಲ್ಲಿ. ವಾಲ್ಟ್ ಡಿಸ್ನಿ ತೀರಿಕೊಂಡದ್ದು 1966ರಲ್ಲಿ, ಹಾಗಾಗಿ ಅವರು ಈ ರೈಡ್ ಪೂರ್ತಿಯಾದದ್ದನ್ನು ನೋಡಲಿಲ್ಲ. ಬಂಗಲೆ ಇರುವುದು ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಎಂಬ ಭಾಗದಲ್ಲಿ. ಹೊರಗಿನಿಂದ ಬಿಳಿ ಕಂಬಗಳ, ಕಬ್ಬಿಣದ ಕಸೂತಿ ಕಟಕಟೆಯ, ಚೊಕ್ಕ ಮನೆ. ಪಾಳು ಬಿದ್ದ ಮನೆ ತನ್ನ ಪಾರ್ಕಿನಲ್ಲಿ ಬೇಡ ಅಂತ ವಾಲ್ಟ್ ಡಿಸ್ನಿ ಹಟ ಹಿಡಿದಿದ್ದರು.

ಒಳಗೆ ಹೋದರೆ ಎಂಟು ಗೋಡೆಯ ಒಂದು ಕೋಣೆ. ಬಾಗಿಲು ಮುಚ್ಚುತ್ತದೆ. ಗೋಡೆಯ ಮೇಲಿನ ಚಿತ್ರಗಳು ನೋಡ್ತಾ ನೋಡ್ತಾ ಉದ್ದವಾಗುತ್ತವೆ. ಸೊಂಟದವರೆಗೆ ಮಾತ್ರ ಕಾಣುತ್ತಿದ್ದ ಗಂಭೀರ ಮನುಷ್ಯ ಕೆಳಗೆ ಪಟ್ಟೆ ಚಡ್ಡಿಯಲ್ಲಿ, ಸಿಡಿಮದ್ದಿನ ಪೀಪಾಯಿಯ ಮೇಲೆ ನಿಂತಿರುವುದು ಕಾಣುತ್ತದೆ. ಕೋಣೆ ಹಿಗ್ಗುತ್ತಿದೆ ಅಂತ ಎಲ್ಲರೂ ಮೇಲೆ ನೋಡುತ್ತಾರೆ. ನಿಜವಾಗಿ ನಡೆಯುವುದು ಬೇರೆ. ಆ ನೆಲ ಒಂದು ಲಿಫ್ಟ್. ನಾವು ಕೆಳಗೆ ಇಳಿಯುತ್ತಿರುತ್ತೇವೆ. ಪಾರ್ಕಿನ ಸುತ್ತ ಒಂದು ಮಣ್ಣಿನ ಏರಿ ಇದೆ, ಅದರ ಮೇಲೆ ರೈಲು ಓಡುತ್ತದೆ. ಒಳಗಿನವರಿಗೆ ಹೊರಗಿನ ರಸ್ತೆ, ಕಟ್ಟಡ ಕಾಣಬಾರದು ಅನ್ನುವುದಕ್ಕೆ ಆ ಏರಿ. ಒಳಗೆ ಜಾಗ ಸಾಲದೆ ರೈಡಿನ ದೊಡ್ಡ ಕಟ್ಟಡವನ್ನು ಏರಿಯ ಆಚೆ ಕಟ್ಟಿದರು. ಅಲ್ಲಿಗೆ ಹೋಗಲು ರೈಲು ಹಳಿಯ ಅಡಿಯಲ್ಲಿ ದಾಟಬೇಕು. ಕೋಣೆಯಿಂದ ಹೊರಬಂದ ಮೇಲೆ ಚಿತ್ರಗಳನ್ನು ನೇತುಹಾಕಿದ ಉದ್ದನೆ ಓಣಿಯಲ್ಲಿ ನಡೆಯುತ್ತೀರಲ್ಲ, ನಿಮ್ಮ ತಲೆಯ ಮೇಲೆ ರೈಲು ಓಡುತ್ತಿರುತ್ತದೆ. ಇದು ಗೊತ್ತಿದ್ದು ಆ ಓಣಿಯಲ್ಲಿ ನಡೆಯುವ ಖುಷಿಯೇ ಬೇರೆ.

ಈಗ ಫ್ಲಾರಿಡಾಕ್ಕೆ ಬನ್ನಿ. ಮ್ಯಾಜಿಕ್ ಕಿಂಗ್‌ಡಮ್ 1971ರ ಅಕ್ಟೋಬರ್ 1ರಂದು ತೆರೆದಾಗಲೇ ಇಲ್ಲಿ ಬಂಗಲೆ ಇತ್ತು. ಅದೇ ಕೋಣೆ, ಅದೇ ಹಿಗ್ಗುವ ಚಿತ್ರಗಳು. ಆದರೆ ಇಲ್ಲಿ ನೆಲ ಅಲುಗಾಡುವುದಿಲ್ಲ, ಚಾವಣಿಯೇ ಮೇಲೆ ಹೋಗುತ್ತದೆ. ಕೆಳಗೆ ಇಳಿಸುವ ಅಗತ್ಯವೇ ಇರಲಿಲ್ಲ. ಅಗೆದರೆ ನೀರು ಬರುವ ಜೌಗು ನೆಲವೂ ಹೌದು. ಕೆಲಸಗಾರರು ಓಡಾಡುವ ಸುರಂಗಗಳನ್ನೂ ಇದೇ ಕಾರಣಕ್ಕೆ ನೆಲದ ಮಟ್ಟದಲ್ಲೇ ಕಟ್ಟಿ, ಮೇಲೆ ಮಣ್ಣು ತುಂಬಿ, ಅದರ ಮೇಲೆ ಪಾರ್ಕ್ ಮಾಡಿದ್ದಾರೆ. ನಾವು ಅಲ್ಲಿ ನಡೆಯುವುದು ಒಂದು ಲೆಕ್ಕದಲ್ಲಿ ಮೊದಲನೇ ಮಹಡಿಯ ಮೇಲೆ. ಮನೆಯ ರೂಪವೂ ಬೇರೆ. ಇಲ್ಲಿ ಅದು ಲಿಬರ್ಟಿ ಸ್ಕ್ವೇರ್‌ನಲ್ಲಿ, ಅಂದರೆ ಅಮೆರಿಕ ಸ್ವಾತಂತ್ರ್ಯ ಪಡೆದ ಕಾಲದ ಊರಿನಲ್ಲಿ ಇದೆ. ಬಿಳಿ ಕಂಬ ಹೋಗಿ, ನ್ಯೂಯಾರ್ಕ್‌ನ ಹಡ್ಸನ್ ನದಿ ದಡದ ಹಳೇ ಮನೆಗಳಂಥ ಇಟ್ಟಿಗೆ ಮನೆ ಬಂದಿದೆ.

ಟೋಕಿಯೊದಲ್ಲಿ 1983ರಲ್ಲಿ ಕಟ್ಟಿದ್ದು ಹೆಚ್ಚುಕಮ್ಮಿ ಫ್ಲಾರಿಡಾದ ಮನೆಯೇ. ಚಾವಣಿ ಮೇಲೆ ಹೋಗುವುದೂ ಹಾಗೆಯೇ. ಆದರೆ ಅದನ್ನು ಇಟ್ಟ ಜಾಗ ನೋಡಿ ನಾನು ನಿಂತುಬಿಟ್ಟೆ. ಫ್ಯಾಂಟಸಿಲ್ಯಾಂಡ್! ಪುಟ್ಟ ಮಕ್ಕಳು ಡಂಬೊ ಎಂಬ ಹಾರುವ ಆನೆಯ ಮೇಲೆ ಕೂತು ಸುತ್ತುವ ಭಾಗದಲ್ಲೇ ಭೂತ ಬಂಗಲೆ. ಅಮೆರಿಕದ ಇತಿಹಾಸ ಹೇಳುವ ಲಿಬರ್ಟಿ ಸ್ಕ್ವೇರ್ ಜಪಾನಿಗೆ ಬೇಕಿರಲಿಲ್ಲ. ದೆವ್ವದ ಕಥೆ ಅಜ್ಜಿ ಕಥೆಗಳ ಸಾಲಿಗೆ ಸೇರಿತು. ನನಗೆ ಇದು ತುಂಬಾ ಸರಿ ಅನ್ನಿಸಿತು. ಒಳಗೆ ಮಾತೆಲ್ಲ ಜಪಾನಿ ಭಾಷೆಯಲ್ಲಿ. ಮಾತು ಅರ್ಥವಾಗದೆ ಕೂತಾಗ ಕಣ್ಣು ಚುರುಕಾಗುತ್ತದೆ. ಕುಣಿಯುವ ದೆವ್ವಗಳ ದೊಡ್ಡ ಹಜಾರದಲ್ಲಿ ನಮ್ಮ ಮುಂದೆ ಭಾರಿ ಗಾಜು ಇದೆ ಎನ್ನುವುದನ್ನು ನಾನು ಸರಿಯಾಗಿ ಗಮನಿಸಿದ್ದು ಟೋಕಿಯೊದಲ್ಲೇ. ನಾವು ಕೂತ ದಾರಿಯ ಮೇಲೂ ಕೆಳಗೂ ಕತ್ತಲಲ್ಲಿ ಗೊಂಬೆಗಳಿರುತ್ತವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಅವುಗಳ ಬಿಂಬ ಮೂಡಿ, ಆಚೆ ಇರುವ ಮೇಜು ಕುರ್ಚಿಗಳ ನಡುವೆ ದೆವ್ವ ಕುಣಿದಂತೆ ಕಾಣುತ್ತದೆ. ಬೆಳಕು ಹೋದರೆ ದೆವ್ವವೂ ಮಾಯ. 1860ರ ದಶಕದ ಲಂಡನ್ ರಂಗಭೂಮಿಯ ಹಳೇ ಚಮತ್ಕಾರ ಇದು.

ಪ್ಯಾರಿಸ್‌ನದು ನನಗೆ ಎಲ್ಲಕ್ಕಿಂತ ಹತ್ತಿರ. 1992ರ ಏಪ್ರಿಲ್ 12ರಂದು ಪಾರ್ಕ್ ತೆರೆದಾಗ ಹೆಸರನ್ನೇ ಬದಲಿಸಿ ಫ್ಯಾಂಟಮ್ ಮ್ಯಾನರ್ ಅಂತ ಇಟ್ಟರು. ಜಾಗ ಫ್ರಾಂಟಿಯರ್‌ಲ್ಯಾಂಡ್, ಅಂದರೆ ಕೌಬಾಯ್‌ಗಳ ಪಶ್ಚಿಮ ಅಮೆರಿಕ. ಬಣ್ಣ ಹೋದ, ಕಿಟಕಿ ಜೋತುಬಿದ್ದ ಮನೆ ದಿಬ್ಬದ ಮೇಲೆ ಒಂಟಿಯಾಗಿ ನಿಂತಿದೆ. ವಾಲ್ಟ್ ಡಿಸ್ನಿ ಬೇಡ ಅಂದಿದ್ದ ಪಾಳು ಮನೆ ಕೊನೆಗೆ ಇಲ್ಲಿ ಬಂತು. ಕಥೆಯೂ ಬೇರೆ. ಚಿನ್ನದ ಗಣಿಯ ಯಜಮಾನನ ಮಗಳು ಮದುವೆ ಸೀರೆಯಂಥ ಬಿಳಿ ಉಡುಪಿನಲ್ಲೇ ಕಾಯುತ್ತಾ ಉಳಿದುಬಿಟ್ಟವಳು. ಆ ಗಣಿ ಯಾವುದು ಗೊತ್ತಾ? ಎದುರಿನ ನೀರಿನ ನಡುವೆ ದ್ವೀಪದಲ್ಲಿರುವ ಬಿಗ್ ಥಂಡರ್ ಮೌಂಟನ್. ಬೇರೆ ಪಾರ್ಕ್‌ಗಳಲ್ಲಿ ಅದು ದಡದಲ್ಲಿರುವ ರೋಲರ್‌ಕೋಸ್ಟರ್. ಇಲ್ಲಿ ರೈಲು ನೀರಿನ ಅಡಿಯ ಸುರಂಗದಲ್ಲಿ ದ್ವೀಪಕ್ಕೆ ಹೋಗಿ ವಾಪಸ್ ಬರುತ್ತದೆ. ಹೀಗೆ ಎರಡು ರೈಡ್ ಸೇರಿ ಒಂದು ಊರಿನ ಕಥೆ ಹೇಳುತ್ತವೆ. ಕೋಣೆಯ ನೆಲ ಇಲ್ಲಿ ಮತ್ತೆ ಅನಾಹೈಮ್‌ನಂತೆ ಕೆಳಗೆ ಇಳಿಯುತ್ತದೆ, ರೈಲು ಹಳಿಯ ಅಡಿ ದಾಟಲಿಕ್ಕೆ. ಸಾಲಿನಲ್ಲಿ ಯಾರೂ ಅಷ್ಟಾಗಿ ನಗುವುದಿಲ್ಲ. ಸಂಗೀತದಲ್ಲೂ ದುಃಖವೇ ಜಾಸ್ತಿ. ಕತ್ತಲಾದ ಮೇಲೆ ತಪ್ಪದೆ ಇನ್ನೊಮ್ಮೆ ಹೋಗಿ.

ಹಾಂಗ್‌ಕಾಂಗ್‌ನಲ್ಲಿ ದೆವ್ವವೇ ಇಲ್ಲ. 2013ರಲ್ಲಿ ಬಂದ ಮಿಸ್ಟಿಕ್ ಮ್ಯಾನರ್ ಮನೆಯೇನೋ ಹೌದು, ಒಳಗೆ ಸತ್ತವರಿಲ್ಲ. ಹಿರಿಯರ ಆತ್ಮಗಳಿಗೆ ಪೂಜೆ ಸಲ್ಲಿಸುವ ಜನರ ನಡುವೆ ಸತ್ತವರನ್ನು ತಮಾಷೆ ಮಾಡುವುದು ಹೊಂದುವುದಿಲ್ಲ ಅಂತ ವಿನ್ಯಾಸಕಾರರು ಕಥೆಯನ್ನೇ ಬಿಟ್ಟುಕೊಟ್ಟರು. ಬದಲಿಗೆ ದೇಶ ಸುತ್ತಿ ಹಳೇ ವಸ್ತು ಕೂಡಿಟ್ಟ ಲಾರ್ಡ್ ಹೆನ್ರಿ ಮಿಸ್ಟಿಕ್ ಬಂದ. ಅವನ ಕೋತಿ ಆಲ್ಬರ್ಟ್ ಒಂದು ಸಂಗೀತದ ಪೆಟ್ಟಿಗೆ ತೆರೆಯುತ್ತದೆ. ಅದರಿಂದ ಹೊರಟ ಬಂಗಾರದ ಪುಡಿ ತಗುಲಿದ ವಸ್ತುವೆಲ್ಲ ಜೀವ ತಳೆಯುತ್ತದೆ. ಗಾಡಿಗಳಿಗೆ ಹಳಿಯೇ ಇಲ್ಲ. ಒಂದೇ ಕೋಣೆಯಲ್ಲಿ ಒಂದು ಗಾಡಿ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗುತ್ತದೆ, ಆದ್ದರಿಂದ ಬೇರೆ ಗಾಡಿಯಲ್ಲಿ ಕೂತು ಮತ್ತೆ ನೋಡಬೇಕು. ಒಂದು ನಂಬಿಕೆಗೆ ಗೌರವ ಕೊಟ್ಟಿದ್ದರಿಂದ ಇಷ್ಟು ಚಂದದ ರೈಡ್ ಹುಟ್ಟಿತು. ಇದನ್ನು ಹೇಳುವಾಗಲೆಲ್ಲ ನನಗೆ ಉತ್ಸಾಹ ತಡೆಯುವುದಿಲ್ಲ.

ಅಲ್ಲಿ ಇನ್ನೊಂದು ವಿಷಯ ಗಮನಿಸಿ. ರೈಲು ನಿಲ್ದಾಣದಿಂದ ಗೇಟಿಗೆ ಹೋಗುವ ದಾರಿ ನೇರವಾಗಿಲ್ಲ, ಬೇಕಂತಲೇ ಬಾಗಿಸಿದ್ದಾರೆ. ಫೆಂಗ್ ಶುಯಿ, ಅಂದರೆ ಚೀನೀಯರ ವಾಸ್ತು ಪ್ರಕಾರ ಒಳ್ಳೆಯ ಶಕ್ತಿ ಸೀದಾ ಸಮುದ್ರಕ್ಕೆ ಹರಿದು ಹೋಗಬಾರದಂತೆ. ಗೇಟಿನ ದಿಕ್ಕನ್ನೂ 12 ಡಿಗ್ರಿ ತಿರುಗಿಸಿದರು. ಜಂಗಲ್ ರಿವರ್ ಕ್ರೂಸ್ ದೋಣಿಗೆ ಭಾಷೆಗೊಂದರಂತೆ ಮೂರು ಸಾಲುಗಳಿವೆ: ಕ್ಯಾಂಟೊನೀಸ್, ಮ್ಯಾಂಡರಿನ್, ಇಂಗ್ಲಿಷ್. ಆ ರೈಡಿನ ಜೀವಾಳವೇ ದೋಣಿ ನಡೆಸುವವರ ಮಾತು. ಹಾಗಾಗಿ ನಾನು ಒಮ್ಮೆ ಇಂಗ್ಲಿಷ್ ಸಾಲಿನಲ್ಲಿ, ಒಮ್ಮೆ ಕ್ಯಾಂಟೊನೀಸ್ ಸಾಲಿನಲ್ಲಿ ಹೋದೆ. ಕ್ಯಾಂಟೊನೀಸ್ ದೋಣಿಯಲ್ಲಿ ನಗು ಎಷ್ಟೋ ಪಾಲು ಜಾಸ್ತಿ.

ಶಾಂಘೈನಲ್ಲಿ ಭೂತ ಬಂಗಲೆಯೂ ಇಲ್ಲ, ಅದರ ಬದಲಿಯೂ ಇಲ್ಲ. ಅಲ್ಲಿ ನಾನು ಪೈರೇಟ್ಸ್ ಆಫ್ ದ ಕೆರಿಬಿಯನ್ ಎಂಬ ಕಡಲ್ಗಳ್ಳರ ದೋಣಿ ರೈಡ್ ಹಿಡಿದೆ. ಅನಾಹೈಮ್‌ನ 1967ರ ರೈಡಿನಲ್ಲಿ ದೋಣಿ ನೀರಿನ ಜೊತೆ ಸುಮ್ನೆ ತೇಲುತ್ತಾ ಹೋಗುತ್ತದೆ, ಎರಡು ಸಲ ಜಾರುತ್ತದೆ. ಅದೂ ರೈಲು ಹಳಿಯ ಅಡಿ ದಾಟಲಿಕ್ಕೇ. 2016ರಲ್ಲಿ ತೆರೆದ ಶಾಂಘೈ ರೈಡಿನಲ್ಲಿ ದೋಣಿಯನ್ನು ಅಯಸ್ಕಾಂತದಿಂದ ನಡೆಸುತ್ತಾರೆ. ಅದು ಅಡ್ಡ ತಿರುಗುತ್ತದೆ, ಹಿಂದಕ್ಕೆ ಹೋಗುತ್ತದೆ, ಸಮುದ್ರದ ತಳಕ್ಕೆ ಇಳಿದ ಹಾಗೆ ಮಾಡುತ್ತದೆ. ಹೆಸರು ಬಿಟ್ಟರೆ ಹಳೆಯದು ಹೆಚ್ಚೇನೂ ಉಳಿದಿಲ್ಲ. ಮಾತು ಮ್ಯಾಂಡರಿನ್‌ನಲ್ಲಿದ್ದರೂ ಏನೂ ಅಡ್ಡಿಯಾಗುವುದಿಲ್ಲ. ಎಲ್ಲ ಪಾರ್ಕ್‌ಗಳನ್ನೂ ಲೆಕ್ಕಕ್ಕೆ ತಗೊಂಡರೆ, ಒಂದೇ ರೈಡ್ ಹೊತ್ತು ತರುವ ಬೆರಗಿನಲ್ಲಿ ಇದನ್ನು ಮೀರಿಸುವುದು ನನಗಂತೂ ಸಿಕ್ಕಿಲ್ಲ.

ಕೋಟೆಗಳನ್ನು ಹೋಲಿಸುವವರು ಎತ್ತರ ನೋಡುತ್ತಾರೆ: ಅನಾಹೈಮ್ 77 ಅಡಿ, ಫ್ಲಾರಿಡಾ 189 ಅಡಿ, ಶಾಂಘೈ ಸುಮಾರು 60 ಮೀಟರ್. ನಾನು ಮಳೆ ನೋಡುತ್ತೇನೆ. ಗೇಟಿನಿಂದ ಕೋಟೆಯ ಕಡೆ ಹೋಗುವ ಅನಾಹೈಮ್‌ನ ಮೇನ್ ಸ್ಟ್ರೀಟ್ ಬಿಸಿಲಿನ ಬೀದಿ, ಮೇಲೆ ಬರೀ ಆಕಾಶ. ಟೋಕಿಯೊದಲ್ಲಿ ಅದೇ ಬೀದಿಗೆ ಗಾಜಿನ ಚಾವಣಿ ಹಾಕಿದ್ದಾರೆ. ಪ್ಯಾರಿಸ್‌ನಲ್ಲಿ ಬೀದಿಯ ಎರಡೂ ಬದಿ, ಅಂಗಡಿಗಳ ಹಿಂದೆ, ಉದ್ದಕ್ಕೂ ಮುಚ್ಚಿದ ಓಣಿಗಳಿವೆ. ಚಳಿ ಮಳೆಯಲ್ಲಿ ಆ ಓಣಿ ಹಿಡಿದರೆ ಹೆಚ್ಚು ನೆನೆಯದೆ ಕೋಟೆಯ ಹತ್ತಿರದವರೆಗೂ ಹೋಗಬಹುದು. ಕೋಟೆಗೆ ಗುಲಾಬಿ ಬಣ್ಣ ಬಳಿದದ್ದೂ ಅಲ್ಲಿನ ಬೂದು ಆಕಾಶದ ಎದುರು ಎದ್ದು ಕಾಣಲಿ ಅಂತ. ಅದರ ನೆಲಮಾಳಿಗೆಯಲ್ಲಿ ಸರಪಳಿ ಹಾಕಿದ ದೊಡ್ಡ ಡ್ರ್ಯಾಗನ್ ಮಲಗಿದೆ, ಆಗಾಗ ಎದ್ದು ಹೊಗೆ ಬಿಡುತ್ತದೆ. ಎಷ್ಟೋ ಜನ ಮೇಲೆ ಫೋಟೊ ತೆಗೆದುಕೊಂಡು ಕೆಳಗೆ ಇಳಿಯದೆ ಹೋಗಿಬಿಡುತ್ತಾರೆ. ದಯವಿಟ್ಟು ಇಳಿಯಿರಿ.

ಹೀಗೆ ಹೋಲಿಸಿ ನೋಡುವ ಆಸೆ ಇದ್ದವರಿಗೆ ಒಂದೆರಡು ಮಾತು. ಅನಾಹೈಮ್, ಟೋಕಿಯೊ ಎರಡೂ ಕಡೆ ಭೂತ ಬಂಗಲೆಗೆ ಸೆಪ್ಟೆಂಬರ್ ಹೊತ್ತಿಗೆ ಹ್ಯಾಲೋವೀನ್–ಕ್ರಿಸ್‌ಮಸ್ ವೇಷ ಹಾಕುತ್ತಾರೆ, ಹೊಸ ವರ್ಷದ ತನಕ ಅದೇ ಇರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ಮೂಲ ರೈಡ್ ಕಾಣುವುದಿಲ್ಲ. ಫ್ಲಾರಿಡಾದಲ್ಲಿ ಹೀಗೆ ಬದಲಿಸುವುದಿಲ್ಲ. ಹೋಲಿಕೆಯೇ ಮುಖ್ಯವಾದರೆ ವಸಂತದಲ್ಲಿ ಹೋಗಿ. ಟಿಕೆಟ್ ಬೆಲೆ ದಿನದಿಂದ ದಿನಕ್ಕೆ ಬೇರೆ. ಅನಾಹೈಮ್‌ನಲ್ಲಿ ಜನ ಕಡಿಮೆ ಇರುವ ದಿನ ನೂರು ಡಾಲರ್ ಚಿಲ್ಲರೆ ಇದ್ದದ್ದು ರಜೆಯಲ್ಲಿ 200 ದಾಟುತ್ತದೆ. ಟೋಕಿಯೊದಲ್ಲಿ 2023ರ ಅಕ್ಟೋಬರ್‌ನಿಂದ ದೊಡ್ಡವರಿಗೆ 7,900ರಿಂದ 10,900 ಯೆನ್ ಆಯಿತು. ಟೋಕಿಯೊ ಪಾರ್ಕ್ ಡಿಸ್ನಿ ಕಂಪನಿಯದಲ್ಲ, ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ಡಿಸ್ನಿ ಹೆಸರು ಬಳಸಲು ಹಣ ಕಟ್ಟಿ ನಡೆಸುತ್ತದೆ. ಅಲ್ಲಿನ ಮೆರವಣಿಗೆಗೆ ಮುಂದಿನ ಸಾಲಿನವರು ಚಾಪೆ ಹಾಸಿ ಕೂರುತ್ತಾರೆ, ಹಾಗಾಗಿ ಹಿಂದೆ ನಿಂತ ಮಕ್ಕಳಿಗೂ ಕಾಣುತ್ತದೆ.

ನೋಡುವ ಕ್ರಮವೂ ಮುಖ್ಯ. ಸಾಧ್ಯವಾದರೆ ಅನಾಹೈಮ್‌ನಿಂದ ಶುರು ಮಾಡಿ. ಫ್ಲಾರಿಡಾ ನೋಡಿ ಅಲ್ಲಿಗೆ ಹೋದವರಿಗೆ ಎಲ್ಲವೂ ಪುಟ್ಟದಾಗಿ ಕಾಣುತ್ತದೆ, ಕೋಟೆಯ ಮೇಲಿನ ಕಲ್ಲುಗಳನ್ನು ಬೇಕಂತಲೇ ಚಿಕ್ಕದು ಮಾಡಿ ಎತ್ತರ ತೋರಿಸಿದ ಜಾಣತನ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ಟೋಕಿಯೊ, ಪ್ಯಾರಿಸ್ ಯಾವುದು ಮೊದಲಾದರೂ ಪರವಾಗಿಲ್ಲ. ಹಾಂಗ್‌ಕಾಂಗ್‌ನ ಮಿಸ್ಟಿಕ್ ಮ್ಯಾನರ್‌ಗೆ ಹೋಗುವ ಮುಂಚೆ ಕನಿಷ್ಠ ಒಂದು ಭೂತ ಬಂಗಲೆ ನೋಡಿರಬೇಕು. ಶಾಂಘೈ ಕೊನೆಗೆ ಇರಲಿ, ಅಷ್ಟು ಹೊತ್ತಿಗೆ ಹಳೇ ಪೈರೇಟ್ಸ್ ನಿಮಗೆ ಬಾಯಿಪಾಠ ಆಗಿರುತ್ತದೆ.