ಚಟ ಮೊದಲು, ಆಘಾತ ಆಮೇಲೆ ಅಂತ ನಾನು ಯಾಕೆ ಕಾಯುವುದಿಲ್ಲ

ಹಳ್ಳಿಗಳಲ್ಲಿ ಓಪಿಯಾಯ್ಡ್ (ಹೆರಾಯಿನ್, ಫೆಂಟನಿಲ್‌ನಂಥ ಅಫೀಮು ಜಾತಿಯ ಮದ್ದು) ಚಟಕ್ಕೆ ಚಿಕಿತ್ಸೆ ಕೊಡುವಾಗ "ಮೊದಲು ಚಟ ಬಿಡಲಿ, ಮನಸ್ಸಿನ ಆಘಾತ ಆಮೇಲೆ ನೋಡೋಣ" ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಬೇರೆ ತಜ್ಞರಿಗೆ ಚೀಟಿ ಬರೆದುಕೊಟ್ಟರೆ ದೂರದ ದಾರಿ, ಕೈತಪ್ಪುವ ಕೂಲಿ, ಊರವರ ಕಣ್ಣು ಎಲ್ಲವನ್ನೂ ದಾಟಿ ಅಲ್ಲಿಗೆ ಮುಟ್ಟುವವರು ತೀರಾ ಕಡಿಮೆ. ಹಾಗಾಗಿ ಎರಡನ್ನೂ ಒಂದೇ ಕೋಣೆಯಲ್ಲಿ ನೋಡುತ್ತೇನೆ.

ಹೆಚ್ಚಿನವರಿಗೆ ಬುಪ್ರೆನಾರ್ಫಿನ್‌ನಿಂದ ಶುರು, ಅದು ಓಪಿಯಾಯ್ಡ್ ಬೇಕೆನ್ನುವ ತವಕ ತಗ್ಗಿಸುವ ಮಾತ್ರೆ. ಹೆರಾಯಿನ್ ತೆಗೆದುಕೊಂಡು 12 ಗಂಟೆಯಾದರೂ ಆಗಿರಬೇಕು. ಫೆಂಟನಿಲ್ ಆದರೆ ಇನ್ನೂ ಜಾಸ್ತಿ ಕಾಯಬೇಕಾಗಬಹುದು. ಆಕಳಿಕೆ, ಚಳಿ, ಮೂಗು ಸೋರುವುದು ಎಲ್ಲ ಎದ್ದು ಕಾಣಬೇಕು. ಆತುರಪಟ್ಟು ಕೊಟ್ಟರೆ ವಿತ್‌ಡ್ರಾವಲ್, ಅಂದರೆ ಮದ್ದು ಇಲ್ಲದಾಗ ಮೈ ಪಡುವ ಯಾತನೆ, ಒಮ್ಮೆಲೇ ಜೋರಾಗಿ ಬಡಿಯುತ್ತದೆ. ಆಮೇಲೆ ಆ ಮನುಷ್ಯ ನಮ್ಮ ಕಡೆ ತಿರುಗಿ ನೋಡುವುದು ಕಷ್ಟ.

ಆಘಾತ ಉಂಡವರಿಗೆ ಈ ಕಾಯುವ ಹೊತ್ತೇ ನರಕ. ಎದೆ ಬಡಿತ, ಬೆವರು, ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚುವುದು. ವಿತ್‌ಡ್ರಾವಲ್‌ನಲ್ಲೂ ಇವೇ, ಪಿಟಿಎಸ್‌ಡಿಯಲ್ಲೂ (ಆಘಾತದಿಂದ ಉಳಿದುಬಿಡುವ ಮನಸ್ಸಿನ ಕಾಯಿಲೆ) ಇವೇ, ಅಲ್ವಾ? ಹಳೇ ಭಯವೇ ವಾಪಸ್ ಬಂತು ಅಂತ ಮೈ ಅಂದುಕೊಳ್ಳುತ್ತದೆ. ಅದಕ್ಕೇ ಏನೇನಾಗಬಹುದು ಅಂತ ಮುಂಚೆಯೇ ಬಿಡಿಸಿ ಹೇಳಿ, ಪಾದ ನೆಲಕ್ಕೆ ಊರಿ, ಎದುರಿಗೆ ಕಾಣುವ ಐದು ವಸ್ತು ಹೆಸರಿಸುವುದನ್ನು ಅವರ ಜೊತೆ ಕೂತು ಅಭ್ಯಾಸ ಮಾಡಿಸುತ್ತೇನೆ. ನಿದ್ದೆಗೆಂದು ಬೆಂಜೊಡಯಾಜೆಪೈನ್ ಬರೆಯುವ ಆಸೆ ಬರುತ್ತದೆ. ಓಪಿಯಾಯ್ಡ್ ಜೊತೆ ಸೇರಿದರೆ ಅದು ಉಸಿರನ್ನೇ ಕುಗ್ಗಿಸುತ್ತದೆ. ನಾನು ದೂರವೇ ಇಡುತ್ತೇನೆ.

ಮೊದಲ ದಿನ "ನಿಮಗೆ ಏನಾಗಿತ್ತು?" ಅಂತ ಕೆದಕುವುದಿಲ್ಲ. ನಿದ್ದೆ ಹೇಗೆ, ಕೆಟ್ಟ ಕನಸು ಬೀಳುತ್ತಾ, ಇಷ್ಟೇ. ಡೋಸ್ ಒಂದು ಹದಕ್ಕೆ ಬಂದ ಮೇಲೆ, ಅವರು ತಯಾರಿದ್ದರೆ, ಆ ನೆನಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಎಕ್ಸ್‌ಪೋಷರ್ ಚಿಕಿತ್ಸೆ ಶುರು ಮಾಡುತ್ತೇವೆ. ಅದಕ್ಕೆ ಚಟ ಪೂರ್ತಿ ನಿಂತಿರಲೇಬೇಕು ಅಂತಿಲ್ಲ. ನಡುವೆ ಮತ್ತೆ ಬಳಸಿದರೂ ಮಾತ್ರೆ ನಿಲ್ಲಿಸುವುದಿಲ್ಲ. ಮಾತ್ರೆ ನಿಲ್ಲಿಸುವುದನ್ನು ಶಿಕ್ಷೆಯಾಗಿ ಬಳಸುವುದು ನನಗೆ ಸಹಿಸಲಾಗದ ವಿಷಯ.

ಹಳ್ಳಿಯಲ್ಲಿ ಎಲ್ಲಕ್ಕಿಂತ ಕಷ್ಟ ಗುಟ್ಟು ಕಾಯುವುದು. ನೋವು ಕೊಟ್ಟವನೇ ಹೊರಗೆ ಬೆಂಚಿನ ಮೇಲೆ ಕೂತಿರಬಹುದು, ಕೆಲವೊಮ್ಮೆ ರೋಗಿಯನ್ನು ಕರೆತಂದವನೂ ಅವನೇ. ಹಾಗಾಗಿ ಜ್ವರಕ್ಕೂ ಚಟಕ್ಕೂ ಒಂದೇ ಬಾಗಿಲು, ಬೇರೆ ಬೋರ್ಡ್ ಇಲ್ಲ. ಯಾರೇ ಜೊತೆಗೆ ಬಂದರೂ ಸ್ವಲ್ಪ ಹೊತ್ತು ರೋಗಿಯ ಜೊತೆ ಒಬ್ಬರೇ ಮಾತು. ಫೋನ್ ಮಾಡಿದಾಗ ಮೊದಲ ಪ್ರಶ್ನೆ "ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಹೌದು ಅಥವಾ ಇಲ್ಲ ಅಂದರೆ ಸಾಕು. ಹೌದು ಅಂದರೆ ಸುಮ್ನೆ ಮಾತ್ರೆ ವಿಷಯ ಮಾತಾಡಿ ಇಡುತ್ತೇನೆ.

ಓಪಿಯಾಯ್ಡ್ ಅತಿಯಾಗಿ ಉಸಿರು ಕುಗ್ಗಿದಾಗ ಅದನ್ನು ಮರಳಿಸುವ ನಲೋಕ್ಸೋನ್ ಮನೆಗೇ ಕೊಟ್ಟು ಕಳಿಸುತ್ತೇನೆ, ಆಂಬ್ಯುಲೆನ್ಸ್ ಬರುವುದು ತಡವಾಗುತ್ತದೆ. ಓಪಿಯಾಯ್ಡ್ ಕೆಲ ದಿನ ಬಿಟ್ಟು ಮತ್ತೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಮೈ ತಡೆಯುವುದಿಲ್ಲ, ಜೀವವೇ ಹೋಗಬಹುದು. ನಲೋಕ್ಸೋನ್ ಬಳಸಲು ಯಾರಿಗೆ ಕಲಿಸಬೇಕು ಅಂತ ರೋಗಿಯೇ ಹೇಳಬೇಕು. ಎಷ್ಟೋ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅಕ್ಕನನ್ನೋ ಪಕ್ಕದ ಮನೆಯವಳನ್ನೋ ಹೇಳುತ್ತಾರೆ. ನಾನು ಕಾರಣ ಕೇಳದೆ ಅವಳಿಗೇ ಕಲಿಸುತ್ತೇನೆ.